ಖಾಲಿಯಾಗುವುದು ಅಂದರೆ ಮರಗಟ್ಟುವುದೇ?

ಪ್ರಶ್ನೆ: ನನಗೆ 36 ವರ್ಷ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಹೋದ ವರ್ಷ ಅಪ್ಪ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಕಾರ್ಯ ಎಲ್ಲಾ ಮುಗಿಸಿ ಬೆಂಗಳೂರಿಗೆ ಬಂದ ಮೇಲೂ ಬರಲಿಲ್ಲ. ಅದೇ ಸಮಯದಲ್ಲಿ ತಾವೊ ತತ್ವದ ವಿಡಿಯೊಗಳನ್ನು ನೋಡಲು ಶುರು ಮಾಡಿದೆ. ‘ಮನಸ್ಸನ್ನು ಖಾಲಿ ಮಾಡು’, ‘ಏನೂ ಮಾಡಬೇಡ, ಎಲ್ಲಾ ತಾನಾಗೇ ಆಗುತ್ತದೆ’ ಅಂತ ಹೇಳುತ್ತಾರೆ. ಹೆಂಡತಿ ಸತ್ತಾಗ ಚೀನಾದ ಒಬ್ಬ ಜ್ಞಾನಿ ಅಳದೆ ಹಾಡು ಹೇಳಿದನಂತೆ. ನನ್ನ ಸ್ಥಿತಿಯೂ ಅದೇ ಇರಬೇಕು ಅನ್ನಿಸಿತು. ಈಗ ದಿನಾ ಬೆಳಿಗ್ಗೆ ಒಂದು ಗಂಟೆ ಏನೂ ಯೋಚಿಸದೆ ಕೂರುತ್ತೇನೆ. ಯೋಚನೆ ಬಂದರೆ ತಕ್ಷಣ ತಳ್ಳುತ್ತೇನೆ. ಸಿಟ್ಟು ಬರುವುದಿಲ್ಲ, ಅದು ನಿಜ. ಆದರೆ ಖುಷಿಯೂ ಆಗುವುದಿಲ್ಲ. ಮಗಳು ತಾನು ಬಿಡಿಸಿದ ಚಿತ್ರ ತಂದು ತೋರಿಸಿದರೆ ‘ಚೆನ್ನಾಗಿದೆ ಪುಟ್ಟಿ’ ಅನ್ನುತ್ತೇನೆ, ಒಳಗೆ ಏನೂ ಆಗುವುದಿಲ್ಲ. ಟೀಮ್ ಲೀಡ್ ಆಗು ಅಂತ ಮ್ಯಾನೇಜರ್ ಕೇಳಿದ್ದಾರೆ, ಬೇಡ ಅನ್ನೋಣ ಅಂತಿದ್ದೇನೆ. ‘ನೀವು ಮನೆಯಲ್ಲಿ ಇದ್ದೂ ಇಲ್ಲದ ಹಾಗಿದ್ದೀರಿ’ ಅಂತಾಳೆ ಹೆಂಡತಿ. ಇದೇನಾ ತಾವೊ ಹೇಳುವ ಖಾಲಿತನ? ಬೌದ್ಧರ ಶೂನ್ಯ, ಅಲ್ಲಮನ ಬಯಲು ಎಲ್ಲಾ ಒಂದೇನಾ? ಮುಂದುವರಿಸಲಾ, ಬಿಡಲಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ವಿವರಿಸಿದ ಸ್ಥಿತಿ ತಾವೊ ಪರಂಪರೆಯ ಹಳೆಯ ಚೀನೀ ಚಿಂತಕರಾದ ಲಾವೊತ್ಸು ಮತ್ತು ಜುವಾಂಗ್‌ತ್ಸು ಹೇಳಿದ ಖಾಲಿತನ ಅಲ್ಲ. ಇದು ನೀವು ಅಭ್ಯಾಸದಲ್ಲಿ ಹಿಂದೆ ಬಿದ್ದಿದ್ದೀರಿ ಅನ್ನುವ ಮಾತೂ ಅಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಒಂದು ಎರಡು ಸಾವಿರ ವರ್ಷಕ್ಕೂ ಹಳೆಯ ಒಂದು ವಿಚಾರ. ಇನ್ನೊಂದು ನಿಮ್ಮ ಅಪ್ಪ ಹೋದದ್ದು. ಎರಡನ್ನೂ ಬಿಡಿಸಿ ನೋಡಬೇಕು.

ನಾನು ಈ ಗ್ರಂಥಗಳನ್ನು ಪಾಠ ಮಾಡುತ್ತಾ ಬಂದವನು, ವೈದ್ಯನಲ್ಲ. ಹಾಗಾಗಿ ಗ್ರಂಥದ ವಿಷಯ ಗಟ್ಟಿಯಾಗಿ ಹೇಳಬಲ್ಲೆ. ಉಳಿದದ್ದಕ್ಕೆ ಯಾರ ಹತ್ತಿರ ಹೋಗಬೇಕು ಅನ್ನುವುದನ್ನೂ ಹೇಳುತ್ತೇನೆ.

ಲಾವೊತ್ಸುವಿನದು ಅನ್ನಲಾಗುವ ‘ತಾವೊ ತೆ ಚಿಂಗ್’ ಚಿಕ್ಕ ಪುಸ್ತಕ. 81 ಅಧ್ಯಾಯ, ಒಟ್ಟು ಸುಮಾರು ಐದು ಸಾವಿರ ಚೀನೀ ಅಕ್ಷರ. 1993ರಲ್ಲಿ ಹುಬೈ ಪ್ರಾಂತ್ಯದ ಗ್ವೊದಿಯನ್‌ನಲ್ಲಿ ಒಂದು ಸಮಾಧಿ ಅಗೆದಾಗ ಇದರ ಕೆಲವು ಭಾಗಗಳು ಬಿದಿರಿನ ಪಟ್ಟಿಗಳ ಮೇಲೆ ಸಿಕ್ಕಿದವು. ಆ ಸಮಾಧಿ ಕ್ರಿಸ್ತಪೂರ್ವ 300ರ ಆಸುಪಾಸಿನದು. ಅಂದರೆ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಯುದ್ಧದ ಕಾಲದ ಮಾತುಗಳಿವು. ತಣ್ಣಗೆ ಕೂತವರು ತಣ್ಣಗೆ ಕೂತವರಿಗೆ ಹೇಳಿದ್ದಲ್ಲ.

ಖಾಲಿತನದ ಬಗ್ಗೆ ಈ ಪುಸ್ತಕ ಹೇಳುವುದರಲ್ಲಿ ಹನ್ನೊಂದನೇ ಅಧ್ಯಾಯ ಎಲ್ಲಕ್ಕಿಂತ ಸ್ಪಷ್ಟ. ಅದು ಶುರುವಾಗುವುದೇ ಗಾಡಿಯ ಗಾಲಿಯಿಂದ. ಮೂವತ್ತು ಕಡ್ಡಿಗಳು ಗಾಲಿಯ ನಡುವಿನ ಒಂದು ಗುಂಬಕ್ಕೆ ಬಂದು ಸೇರುತ್ತವೆ, ಆದರೆ ಗಾಡಿ ಉಪಯೋಗಕ್ಕೆ ಬರುವುದು ಗುಂಬದ ನಡುವೆ ಏನೂ ಇಲ್ಲದ ಜಾಗದಿಂದ. ಮಣ್ಣು ಕಲಸಿ ಪಾತ್ರೆ ಮಾಡುತ್ತಾರೆ, ಉಪಯೋಗಕ್ಕೆ ಬರುವುದು ಒಳಗಿನ ಖಾಲಿ. ಬಾಗಿಲು ಕಿಟಕಿ ಕೊರೆದು ಕೋಣೆ ಮಾಡುತ್ತಾರೆ, ಅಲ್ಲೂ ಅಷ್ಟೇ. ಮೂವತ್ತು ಅನ್ನುವುದು ಸುಮ್ನೆ ಹೇಳಿದ ಸಂಖ್ಯೆ ಅಲ್ಲ. 1980ರಲ್ಲಿ, ಚೀನಾವನ್ನು ಮೊದಲು ಒಂದುಗೂಡಿಸಿದ ಚಿನ್ ಚಕ್ರವರ್ತಿಯ ಸಮಾಧಿಯ ಪಕ್ಕ ಸಿಕ್ಕಿದ ಕಂಚಿನ ರಥಗಳ ಗಾಲಿಗಳಲ್ಲೂ ಮೂವತ್ತೇ ಕಡ್ಡಿಗಳಿವೆ. ಬರೆದವನು ಕಣ್ಣಾರೆ ಕಂಡ ಗಾಲಿಯ ಬಗ್ಗೆ ಬರೆದಿದ್ದಾನೆ.

ಈ ಗುಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ನಡುವಿನ ತೂತಿನೊಳಗೆ ಅಚ್ಚು ಹೋಗುತ್ತದೆ. ತೂತು ಬಿಗಿಯಾದರೆ ಗಾಲಿ ತಿರುಗುವುದಿಲ್ಲ, ಮರ ಬಿಸಿಯಾಗುತ್ತದೆ. ಸಡಿಲವಾದರೆ ಗಾಲಿ ಓಲಾಡುತ್ತದೆ, ದಾರಿಯಲ್ಲಿ ಕೈ ಕೊಡುತ್ತದೆ. ಅಳತೆ ಸರಿಯಾಗಿರಬೇಕು. ಜುವಾಂಗ್‌ತ್ಸುವಿನ ಪುಸ್ತಕದಲ್ಲಿ ಬಿಯನ್ ಅನ್ನುವ ಎಪ್ಪತ್ತು ವರ್ಷದ ಬಡಗಿ ಬರುತ್ತಾನೆ. ಗಾಲಿ ಮಾಡುವುದೇ ಅವನ ಕಸುಬು. ಬಿಗಿಗೂ ಸಡಿಲಕ್ಕೂ ನಡುವಿನ ಆ ಹದ ಕೈಗೆ ಗೊತ್ತು, ಬಾಯಲ್ಲಿ ಹೇಳಲು ಬರುವುದಿಲ್ಲ, ಮಗನಿಗೂ ಕಲಿಸಲು ಆಗಿಲ್ಲ ಅಂತ ದೊರೆಯ ಮುಂದೆಯೇ ಹೇಳುತ್ತಾನೆ.

ಇದರಿಂದ ಏನು ಗೊತ್ತಾಗುತ್ತದೆ? ತಾವೊ ಹೇಳುವ ಖಾಲಿಗೆ ಸುತ್ತ ಮರ ಇರಬೇಕು, ಮಣ್ಣು ಇರಬೇಕು, ಗೋಡೆ ಇರಬೇಕು. ಅದರೊಳಗೆ ಬೇರೆ ಏನೋ ಒಂದು ಬಂದು ಕೆಲಸ ಮಾಡಬೇಕು. ಅಚ್ಚು ಬರಬೇಕು, ನೀರು ಬರಬೇಕು, ಗಾಳಿ ಬೆಳಕು ಬರಬೇಕು, ಜನ ಬರಬೇಕು. ಆ ಅಧ್ಯಾಯದ ಕೊನೆಯ ಮಾತು ‘ಇರುವುದರಿಂದ ಅನುಕೂಲ, ಇಲ್ಲದ್ದರಿಂದ ಉಪಯೋಗ’ ಅನ್ನುವ ಅರ್ಥದ್ದು. ಎರಡೂ ಬೇಕು. ಮರವನ್ನೇ ತೆಗೆದರೆ ತೂತು ಉಳಿಯುವುದಿಲ್ಲ.

ಐದನೇ ಅಧ್ಯಾಯದಲ್ಲಿ ಇನ್ನೊಂದು ಚಿತ್ರ ಇದೆ. ಆಕಾಶ ಮತ್ತು ಭೂಮಿಯ ನಡುವಿನ ಜಾಗ ಕುಲುಮೆಯ ತಿದಿಯ ಹಾಗೆ ಅನ್ನುತ್ತದೆ. ಖಾಲಿ, ಆದರೆ ಬತ್ತುವುದಿಲ್ಲ. ಆಡಿಸಿದಷ್ಟೂ ಹೊರಗೆ ಬರುತ್ತದೆ. ಇಲ್ಲಿ ಖಾಲಿ ಅಂದರೆ ಉಸಿರಾಡುವ ಜಾಗ.

ಈಗ ನಿಮ್ಮ ಪತ್ರದ ಒಂದು ಸಾಲು. ಮಗಳು ಚಿತ್ರ ತಂದಳು, ಒಳಗೆ ಏನೂ ಆಗಲಿಲ್ಲ. ಅವಳು ತಂದದ್ದು ನಿಮ್ಮೊಳಗೆ ಬರಲಿಲ್ಲ, ಅಲ್ವಾ? ತಾವೊ ಖಾಲಿತನ ಹೆಚ್ಚಿದ್ದರೆ ಆ ಚಿತ್ರಕ್ಕೆ ನಿಮ್ಮಲ್ಲಿ ಜಾಗವೂ ಹೆಚ್ಚಿರಬೇಕಿತ್ತು. ನಿಮ್ಮ ಅನುಭವ ಮುಚ್ಚಿದ ಕೋಣೆಯದು. ಹೊರಗಿನಿಂದ ನೋಡಿದರೆ ಖಾಲಿ ಕೋಣೆಗೂ ಮುಚ್ಚಿದ ಕೋಣೆಗೂ ಒಂದೇ ಥರದ ಮೌನ. ಅದಕ್ಕೇ ಜನ ಮೋಸಹೋಗುತ್ತಾರೆ. ಪಾಠಕ್ಕೆ ಬಂದವರಲ್ಲೂ ಈ ಗೊಂದಲವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸಿಟ್ಟು ಹೋಯಿತು ಅನ್ನುವುದನ್ನೇ ಎಲ್ಲರೂ ಗುರುತಾಗಿ ಹಿಡಿಯುತ್ತಾರೆ. ಖುಷಿಯೂ ಹೋಯಿತು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಎರಡನ್ನೂ ಬರೆದಿದ್ದೀರಿ, ಅದು ಒಳ್ಳೆಯದಾಯಿತು.

‘ಮನಸ್ಸನ್ನು ಖಾಲಿ ಮಾಡು’ ಅನ್ನುವ ಮಾತಿಗೆ ಬರೋಣ. ಇದು ಮೂರನೇ ಅಧ್ಯಾಯದ್ದು. ವಿಡಿಯೊಗಳಲ್ಲಿ ಅರ್ಧ ಸಾಲು ಹೇಳಿ ನಿಲ್ಲಿಸುತ್ತಾರೆ. ಪೂರ್ತಿ ಮಾತು ಹೀಗಿದೆ: ಮನಸ್ಸು ಖಾಲಿ ಮಾಡುತ್ತಾನೆ, ಹೊಟ್ಟೆ ತುಂಬಿಸುತ್ತಾನೆ; ಹಟವನ್ನು ಸಡಿಲ ಮಾಡುತ್ತಾನೆ, ಮೂಳೆಯನ್ನು ಗಟ್ಟಿ ಮಾಡುತ್ತಾನೆ. ಮತ್ತೆ ಇದು ಧ್ಯಾನಕ್ಕೆ ಕೂತವನಿಗೆ ಕೊಟ್ಟ ಸೂಚನೆಯೇ ಅಲ್ಲ. ಒಳ್ಳೆಯ ದೊರೆ ಜನರನ್ನು ಹೇಗೆ ನೋಡಿಕೊಳ್ಳುತ್ತಾನೆ ಅನ್ನುವ ಮಾತು. ಅದಕ್ಕೂ ಮುಂಚೆ, ಅಪರೂಪದ ವಸ್ತುಗಳಿಗೆ ಬೆಲೆ ಏರಿಸಬೇಡ, ಆಗ ಜನ ಕಳ್ಳತನಕ್ಕೆ ಇಳಿಯುವುದಿಲ್ಲ ಅಂತ ಬರುತ್ತದೆ. ಈ ಅಧ್ಯಾಯವನ್ನು ಜನರನ್ನು ದಡ್ಡರಾಗಿ ಇಡುವ ಸಲಹೆ ಅಂತ ಟೀಕಿಸಿದವರೂ ಇದ್ದಾರೆ. ಆ ಟೀಕೆಯಲ್ಲಿ ಹುರುಳಿದೆ ಅಂತಲೇ ನನ್ನ ಅಭಿಪ್ರಾಯ. ಏನೇ ಇರಲಿ, ಖಾಲಿ ಮಾಡು ಅಂದ ಉಸಿರಿನಲ್ಲೇ ಹೊಟ್ಟೆ ತುಂಬಿಸು, ಮೂಳೆ ಗಟ್ಟಿ ಮಾಡು ಅಂದಿದ್ದಾನೆ. ಮೈ ಬದುಕನ್ನು ಒಣಗಿಸು ಅಂತ ಎಲ್ಲೂ ಹೇಳಿಲ್ಲ.

ಹೆಂಡತಿ ಸತ್ತಾಗ ಹಾಡಿದವನು ಜುವಾಂಗ್‌ತ್ಸು. ಈ ಕಥೆಯನ್ನು ನಿಮಗೆ ಪೂರ್ತಿ ಹೇಳಲೇಬೇಕು. ಯಾಕೆಂದರೆ ಅರ್ಧ ಕಥೆ ನಿಮಗೆ ಕೆಟ್ಟದ್ದು ಮಾಡಿದೆ.

ಗೆಳೆಯ ಹುಯಿತ್ಸು ಸಂತಾಪ ಹೇಳಲು ಬರುತ್ತಾನೆ. ನೋಡಿದರೆ ಜುವಾಂಗ್‌ತ್ಸು ನೆಲದ ಮೇಲೆ ಕಾಲು ಚಾಚಿ ಕೂತು, ಒಂದು ಬೋಗುಣಿ ಬಡಿಯುತ್ತಾ ಹಾಡುತ್ತಿದ್ದಾನೆ. ಗೆಳೆಯನಿಗೆ ತಡೆಯಲಾಗುವುದಿಲ್ಲ. ‘ಅವಳು ನಿನ್ನ ಜೊತೆ ಬಾಳಿದಳು, ನಿನ್ನ ಮಕ್ಕಳನ್ನು ಬೆಳೆಸಿದಳು, ನಿನ್ನ ಜೊತೆ ಮುದುಕಿಯಾದಳು. ಅಳದಿದ್ದರೆ ಹೋಗಲಿ, ಹಾಡುವುದು ಅತಿಯಾಯಿತು’ ಅನ್ನುತ್ತಾನೆ. ಅದಕ್ಕೆ ಜುವಾಂಗ್‌ತ್ಸು ಕೊಡುವ ಉತ್ತರದ ಮೊದಲ ಮಾತು ವಿಡಿಯೊಗಳಲ್ಲಿ ಬಿಟ್ಟುಹೋಗುತ್ತದೆ. ‘ಹಾಗಲ್ಲ. ಅವಳು ಸತ್ತ ಹೊಸತರಲ್ಲಿ ನನಗೂ ದುಃಖ ಆಗದೆ ಇರುತ್ತದೆಯೇ?’

ಅಂದರೆ ಮೊದಲು ದುಃಖ ಬಂತು. ಆಮೇಲೆ ಅವನು ಹಿಂದಕ್ಕೆ ಹಿಂದಕ್ಕೆ ಯೋಚಿಸುತ್ತಾ ಹೋದ. ಅವಳಿಗೆ ಜೀವ ಇಲ್ಲದ ಕಾಲ ಒಂದಿತ್ತು. ರೂಪವೂ ಇಲ್ಲದ ಕಾಲ ಒಂದಿತ್ತು. ಉಸಿರಿನ ಸುಳಿವೂ ಇಲ್ಲದ ಕಾಲ ಒಂದಿತ್ತು. ಆ ಮಸುಕಿನಲ್ಲಿ ಏನೋ ಬದಲಾಗಿ ಉಸಿರು ಬಂತು, ಉಸಿರು ಬದಲಾಗಿ ರೂಪ ಬಂತು, ರೂಪ ಬದಲಾಗಿ ಜೀವ ಬಂತು. ಈಗ ಮತ್ತೆ ಬದಲಾಗಿ ಸಾವು ಬಂದಿದೆ, ಋತುಗಳು ಒಂದಾದ ಮೇಲೆ ಒಂದು ಬರುವ ಹಾಗೆ. ಅವಳು ದೊಡ್ಡದೊಂದು ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿರುವಾಗ ನಾನು ಗೋಳಾಡಿದರೆ ಏನೂ ಅರ್ಥವಾಗಿಲ್ಲ ಅಂತಾಗುತ್ತದೆ, ಅದಕ್ಕೆ ನಿಲ್ಲಿಸಿದೆ ಅನ್ನುತ್ತಾನೆ.

ನಿಲ್ಲಿಸಬೇಕಾದರೆ ಶುರುವಾಗಿರಬೇಕು. ಅವನು ದುಃಖದ ಒಳಗೆ ಹಾದು ಹೋದ, ಆಚೆ ಕಡೆಯಿಂದ ಹಾಡು ಬಂತು. ನಿಮಗೆ ದುಃಖ ಇನ್ನೂ ಶುರುವಾಗಿಲ್ಲ, ಅಥವಾ ಶುರುವಾಗಲು ಎಡೆ ಸಿಕ್ಕಿಲ್ಲ. ಅಪ್ಪ ಹೋದಾಗ ಆಸ್ಪತ್ರೆ, ಬಂಧುಗಳು, ಕಾರ್ಯ, ಅಮ್ಮನ ವ್ಯವಸ್ಥೆ, ರಜೆ ಮುಗಿಯುವುದರೊಳಗೆ ವಾಪಸ್ ಬರುವುದು, ಇವೆಲ್ಲ ಸಾಮಾನ್ಯವಾಗಿ ಮಗನ ತಲೆ ಮೇಲೇ ಬೀಳುತ್ತವೆ. ಅಂಥ ಹೊತ್ತಿನಲ್ಲಿ ಎಷ್ಟೋ ಜನಕ್ಕೆ ಅಳು ಬರುವುದಿಲ್ಲ. ಅದು ಕಲ್ಲು ಮನಸ್ಸಲ್ಲ. ಮೈಮನಸ್ಸು ಆ ಹೊತ್ತಿಗೆ ನೋವನ್ನು ಪಕ್ಕಕ್ಕಿಟ್ಟು ಕೆಲಸ ನಡೆಸುತ್ತದೆ. ತೊಂದರೆ ಆಗುವುದು ಆಮೇಲೆ. ಪಕ್ಕಕ್ಕಿಟ್ಟದ್ದು ತಿರುಗಿ ಬರುವ ಹೊತ್ತಿಗೆ ನೀವು ದಿನಾ ಒಂದು ಗಂಟೆ ‘ಬರಬೇಡ’ ಅಂತ ತಳ್ಳುವ ಅಭ್ಯಾಸಕ್ಕೆ ಕೂತಿರಿ. ಅಪ್ಪನ ನೆನಪೂ ಯೋಚನೆಯ ರೂಪದಲ್ಲೇ ಬರಬೇಕಲ್ವಾ? ಅದನ್ನೂ ತಳ್ಳಿದಿರಿ. ನಿಮ್ಮ ಮರಗಟ್ಟುವಿಕೆಗೆ ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇದು ಅದಕ್ಕೆ ನೀರೆರೆದಿದೆ ಅನ್ನಿಸುತ್ತದೆ.

ಹಾಗಾದರೆ ತಾವೊ ಪರಂಪರೆಯಲ್ಲಿ ಮನಸ್ಸು ಖಾಲಿ ಮಾಡುವ ಅಭ್ಯಾಸವೇ ಇಲ್ಲವೇ? ಇದೆ. ಜುವಾಂಗ್‌ತ್ಸುವಿನ ನಾಲ್ಕನೇ ಅಧ್ಯಾಯದಲ್ಲಿ ‘ಮನಸ್ಸಿನ ಉಪವಾಸ’ ಅನ್ನುವುದು ಬರುತ್ತದೆ. ಅದರ ಹಿನ್ನೆಲೆ ನೋಡಿ. ಕನ್‌ಫ್ಯೂಷಿಯಸ್‌ನ ಶಿಷ್ಯ ಯೆನ್ ಹುಯಿ ವೈ ರಾಜ್ಯಕ್ಕೆ ಹೊರಟಿದ್ದಾನೆ. ಅಲ್ಲಿನ ಯುವ ದೊರೆ ಕ್ರೂರಿ, ಜನ ಸಾಯುತ್ತಿದ್ದಾರೆ. ಅವನಿಗೆ ಬುದ್ಧಿ ಹೇಳಿ ತಿದ್ದಬೇಕು ಅಂತ ಹುಡುಗನ ಆಸೆ. ಗುರು ಅವನ ಯೋಜನೆಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ, ಮೊದಲು ಉಪವಾಸ ಮಾಡು ಅನ್ನುತ್ತಾನೆ. ‘ನಮ್ಮದು ಬಡ ಮನೆ, ತಿಂಗಳುಗಟ್ಟಲೆ ಮಾಂಸ ಮದ್ಯ ಮುಟ್ಟಿಲ್ಲ, ಇದು ಉಪವಾಸ ಅಲ್ಲವೇ’ ಅಂತ ಹುಡುಗ ಕೇಳುತ್ತಾನೆ. ಅದು ಪೂಜೆಯ ಉಪವಾಸ, ನಾನು ಹೇಳಿದ್ದು ಮನಸ್ಸಿನ ಉಪವಾಸ ಅನ್ನುತ್ತಾನೆ ಗುರು. ಕಿವಿಯಿಂದ ಕೇಳಬೇಡ, ಮನಸ್ಸಿನಿಂದ ಕೇಳು. ಮನಸ್ಸಿನಿಂದಲೂ ಕೇಳಬೇಡ, ಉಸಿರಿನ ಶಕ್ತಿಯಿಂದ ಕೇಳು. ಅದು ಖಾಲಿ, ಬಂದದ್ದಕ್ಕಾಗಿ ಕಾಯುತ್ತದೆ.

ಇಲ್ಲಿ ಮಾತು ನಡೆದಿರುವುದು ಕೇಳಿಸಿಕೊಳ್ಳುವುದರ ಬಗ್ಗೆ. ಒಬ್ಬ ಅಪಾಯಕಾರಿ ಮನುಷ್ಯನ ಎದುರಿಗೆ ಹೋಗುವವನು ತನ್ನ ಯೋಜನೆ, ತನ್ನ ಹೆಸರು, ತಾನು ದೊಡ್ಡವನಾಗುವ ಆಸೆ ಇವನ್ನು ಖಾಲಿ ಮಾಡಿಕೊಂಡು ಹೋಗಬೇಕು. ಖಾಲಿ ಮಾಡಬೇಕಾದದ್ದು ಅವು. ದಯೆಯನ್ನಲ್ಲ, ಪ್ರೀತಿಯನ್ನಲ್ಲ. ಅದೇ ಭಾಗದಲ್ಲಿ ಖಾಲಿ ಕೋಣೆಯಲ್ಲಿ ಬೆಳಕು ಹುಟ್ಟುತ್ತದೆ ಅನ್ನುವ ಪ್ರಸಿದ್ಧ ಮಾತಿದೆ. ಅದರ ಹಿಂದೆಯೇ ಒಂದು ಎಚ್ಚರಿಕೆಯೂ ಇದೆ: ಮೈ ಕೂತಿದ್ದು ಒಳಗೆ ಓಟ ನಿಲ್ಲದಿದ್ದರೆ ಅದು ‘ಕೂತಲ್ಲೇ ಓಡುವುದು’. ಬಂದ ಯೋಚನೆಯನ್ನೆಲ್ಲ ಅಟ್ಟುತ್ತಾ ಕೂತರೆ ನನ್ನ ದೃಷ್ಟಿಯಲ್ಲಿ ಅದೂ ಇಂಥದೇ ಓಟ.

ಇನ್ನು ‘ಏನೂ ಮಾಡಬೇಡ’. ವೂ ವೇಯ್ ಅನ್ನುವ ಈ ವಿಚಾರಕ್ಕೆ ಜುವಾಂಗ್‌ತ್ಸು ಕೊಡುವ ಉದಾಹರಣೆ ಮಾಂಸ ಕಡಿಯುವ ಬಾಣಸಿಗ ಡಿಂಗ್. ದಿನವಿಡೀ ದುಡಿಯುವವನು. ಸಾಮಾನ್ಯ ಬಾಣಸಿಗ ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಒಳ್ಳೆಯವನು ವರ್ಷಕ್ಕೊಂದು. ಡಿಂಗ್‌ನ ಕತ್ತಿಗೆ 19 ವರ್ಷ, ಸಾವಿರಾರು ಎತ್ತುಗಳನ್ನು ಬಿಡಿಸಿದೆ, ಅಲಗು ಈಗಷ್ಟೇ ಸಾಣೆ ಹಿಡಿದ ಹಾಗಿದೆ. ಕೀಲುಗಳ ನಡುವೆ ಸಂದು ಇರುತ್ತದೆ, ಅಲಗಿಗೆ ದಪ್ಪವೇ ಇಲ್ಲ, ಹಾಗಾಗಿ ಓಡಾಡಲು ಬೇಕಾದಷ್ಟು ಜಾಗ ಅನ್ನುತ್ತಾನೆ. ಆದರೆ ಗಂಟು ಬಂದಲ್ಲಿ ಹುಷಾರಾಗುತ್ತೇನೆ, ಕಣ್ಣು ಅಲ್ಲೇ ನೆಡುತ್ತೇನೆ, ಕೈ ನಿಧಾನ ಮಾಡುತ್ತೇನೆ ಅಂತಲೂ ಹೇಳುತ್ತಾನೆ. ಇಷ್ಟು ಗಮನ ಇಟ್ಟು ಮಾಡುವ ಕೆಲಸವನ್ನು ಏನೂ ಮಾಡದಿರುವುದು ಅಂತ ಹೇಗೆ ಕರೆಯುವುದು?

ನಿಮಗೆ ಬಂದ ಗೊಂದಲ ಹೊಸದಲ್ಲ. ಚೀನಾದಲ್ಲೇ 1700 ವರ್ಷದ ಹಿಂದೆ ಇದು ದೊಡ್ಡ ಜಗಳವಾಗಿತ್ತು. ವಾಂಗ್ ಬೀ ಅನ್ನುವ ಹುಡುಗ ಲಾವೊತ್ಸುವಿಗೆ ಅದ್ಭುತವಾದ ವ್ಯಾಖ್ಯಾನ ಬರೆದು, 249ರಲ್ಲಿ ತೀರಾ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ. ಇರುವುದೆಲ್ಲದರ ಬೇರು ‘ಇಲ್ಲ’ದಲ್ಲಿದೆ ಅನ್ನುವುದು ಅವನ ವಾದ. ಅವನ ನಂತರ ದೊಡ್ಡ ಮನೆತನದ ಅಧಿಕಾರಿಗಳಿಗೆ ಖಾಲಿತನದ ಬಗ್ಗೆ ಸೊಗಸಾಗಿ ಮಾತಾಡುವುದೇ ಕೆಲಸವಾಯಿತು. ಪೈ ವೈ ಅನ್ನುವವನು ಇದಕ್ಕೆ ವಿರುದ್ಧವಾಗಿ, ಇರುವುದರ ಬೆಲೆ ಎತ್ತಿ ಹಿಡಿದು ಪ್ರಬಂಧವನ್ನೇ ಬರೆದ. ಯಾರೂ ಜಾಸ್ತಿ ಕಿವಿಗೊಡಲಿಲ್ಲ. 311ರಲ್ಲಿ ಸೈನ್ಯದ ಹೊಣೆ ಹೊತ್ತಿದ್ದ ವಾಂಗ್ ಯೆನ್ ಅನ್ನುವ ಹಿರಿಯ ಮಂತ್ರಿ ಸೋತು, ಶತ್ರು ಸೇನಾಪತಿ ಷಿ ಲೆ ಕೈಗೆ ಸಿಕ್ಕ. ನನಗೆ ಚಿಕ್ಕಂದಿನಿಂದಲೂ ಲೋಕದ ವ್ಯವಹಾರದಲ್ಲಿ ಆಸಕ್ತಿ ಇರಲಿಲ್ಲ ಅಂತ ಹೇಳಿಕೊಂಡ. ಯೌವನದಿಂದ ಕೂದಲು ಬೆಳ್ಳಗಾಗುವ ತನಕ ದೊಡ್ಡ ಹುದ್ದೆಯಲ್ಲಿ ಇದ್ದವನು ಹೀಗೆ ಹೇಳಬಹುದೇ, ರಾಜ್ಯ ಹಾಳಾದದ್ದು ನಿನ್ನಿಂದಲೇ ಅಂದ ಷಿ ಲೆ. ರಾತ್ರಿ ಅವನ ಮೇಲೆ ಗೋಡೆ ಬೀಳಿಸಿ ಕೊಲ್ಲಿಸಿದ. ಪೊಳ್ಳು ಖಾಲಿತನವನ್ನು ಆರಾಧಿಸದೆ ಎಲ್ಲರೂ ಸೇರಿ ನಾಡನ್ನು ನೋಡಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ ಅಂತ ಸಾಯುವ ಮುಂಚೆ ವಾಂಗ್ ಯೆನ್ ಹೇಳಿದನೆಂದು ಜಿನ್ ವಂಶದ ಇತಿಹಾಸದಲ್ಲಿ ದಾಖಲಾಗಿದೆ.

ಬೌದ್ಧರ ಶೂನ್ಯ ಬೇರೆ. ಯಾವ ವಸ್ತುವಿಗೂ ತನ್ನದೇ ಆದ, ಬೇರೆ ಯಾವುದನ್ನೂ ಅವಲಂಬಿಸದ ಸ್ವಭಾವ ಇಲ್ಲ ಅನ್ನುವುದು ಭಾರತದ ಬೌದ್ಧ ದಾರ್ಶನಿಕ ನಾಗಾರ್ಜುನನ ಮಾತು. ಶೂನ್ಯ ಎಲ್ಲದರ ಮೂಲ ಅಂತ ಅವನು ಹೇಳುವುದಿಲ್ಲ. ಶೂನ್ಯವನ್ನು ತಪ್ಪಾಗಿ ಹಿಡಿದರೆ ಹಾವನ್ನು ತಪ್ಪಾಗಿ ಹಿಡಿದ ಹಾಗೆ ಅಂತ ಅವನೇ ಎಚ್ಚರಿಸಿದ್ದಾನೆ. ಬೌದ್ಧ ಧರ್ಮ ಚೀನಾಕ್ಕೆ ಹೋದ ಹೊಸತರಲ್ಲಿ ಅಲ್ಲಿನವರು ಅದನ್ನು ಲಾವೊತ್ಸುವಿನ ಮೂಲಕವೇ ಅರ್ಥ ಮಾಡಿಕೊಂಡರು. 401ರಲ್ಲಿ ಕುಮಾರಜೀವ ಅನ್ನುವ ಬೌದ್ಧ ಭಿಕ್ಷು ಚೀನಾದ ಚಾಂಗ್‌ಆನ್ ನಗರಕ್ಕೆ ಬಂದು, ಮೂಲ ಗ್ರಂಥಗಳನ್ನು ಸರಿಯಾಗಿ ಚೀನೀ ಭಾಷೆಗೆ ತಂದ ಮೇಲೆ ವ್ಯತ್ಯಾಸ ಕಾಣತೊಡಗಿತು. ಅಲ್ಲಮನ ಬಯಲು ಇನ್ನೂ ಬೇರೆ. ಅದು ಲಿಂಗ (ದೈವ) ಮತ್ತು ಅಂಗದ (ಜೀವದ) ಭೇದ ಅಳಿಯುವ ಶರಣರ ಅನುಭವದಿಂದ ಬಂದದ್ದು. ಮೂರನ್ನೂ ಜೊತೆಗಿಟ್ಟು ಓದಿದರೆ ಸಂತೋಷ ಸಿಗುತ್ತದೆ. ಮೂರೂ ಒಂದೇ ಅಂದುಬಿಟ್ಟರೆ ಮೂರೂ ಕೈತಪ್ಪುತ್ತವೆ.

ಈಗ ಏನು ಮಾಡುವುದು?

ಒಂದು ಗಂಟೆಯ ಆ ಅಭ್ಯಾಸವನ್ನು ಸದ್ಯಕ್ಕೆ ನಿಲ್ಲಿಸಿ. ಇಷ್ಟು ದಿನ ಮಾಡಿದ್ದು ವ್ಯರ್ಥ ಅನ್ನಿಸಬಹುದು, ಬೆಳಗಿನ ಆ ಹೊತ್ತು ಭಣಗುಡಬಹುದು. ತಳ್ಳಿದ್ದೆಲ್ಲ ಒಮ್ಮೆಗೇ ನುಗ್ಗಿ ಬಂದು ಅಳು ಬರಬಹುದು. ಬಂದರೆ ಬರಲಿ. ಆದರೆ ಆಗ ಒಬ್ಬರೇ ಇರಬೇಡಿ. ಹಾಗೇ ಮುಂದುವರಿಸಿದರೆ ಅಪಾಯ ಜಾಸ್ತಿ. ಮರಗಟ್ಟುವುದನ್ನೇ ಸಾಧನೆ ಅಂತ ನಂಬಿದವರು ಸಹಾಯ ಕೇಳುವುದೇ ಇಲ್ಲ.

ಮೊದಲು ಒಬ್ಬ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಯಾವುದರಲ್ಲೂ ಖುಷಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು, ಸುಸ್ತು, ಇಂಥವು ಎರಡು ವಾರ ಮೀರಿ ಉಳಿದರೆ ಖಿನ್ನತೆ ಇದೆಯೇ ಅಂತ ವೈದ್ಯರು ಪರೀಕ್ಷಿಸುತ್ತಾರೆ. ನಿಮ್ಮದು ಖಿನ್ನತೆಯೋ, ತಡವಾಗಿ ಬರುತ್ತಿರುವ ದುಃಖವೋ, ಎರಡೂ ಸೇರಿದೆಯೋ ಅಂತ ಹೇಳಬೇಕಾದವರು ಅವರೇ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನುವ ಯೋಚನೆ ಸುಳಿದರೆ ಅಂದೇ ಕರೆ ಮಾಡಿ, ಮನೆಯವರಿಗೂ ಹೇಳಿ.

ತಾವೊವನ್ನು ಪೂರ್ತಿ ಬಿಡಬೇಕಾಗಿಲ್ಲ. ವಿಡಿಯೊ ಬಿಟ್ಟು ಪುಸ್ತಕ ಹಿಡಿಯಿರಿ. ದಿನಕ್ಕೆ ಒಂದು ಅಧ್ಯಾಯ ಸಾಕು, ಅರ್ಧ ಸಾಲಿಗೆ ನಿಲ್ಲಬೇಡಿ. ಇದರಲ್ಲೂ ಒಂದು ಅಪಾಯ ಇದೆ. ನೊಂದ ಮನಸ್ಸು ತನಗೆ ಬೇಕಾದ ಸಾಲನ್ನೇ ಹೆಕ್ಕಿಕೊಳ್ಳುತ್ತದೆ. ‘ಯಾರೂ ಬೇಡ’ ಅನ್ನುವ ಹಾಗೆ ಕೇಳುವ ಸಾಲುಗಳು ಆ ಪುಸ್ತಕದಲ್ಲಿ ಇವೆ. ಹೆಂಡತಿಯ ಜೊತೆ ಕೂತು ಓದಿದರೆ ಈ ಅಪಾಯ ಕಡಿಮೆಯಾಗುತ್ತದೆ.

ಅಭ್ಯಾಸ ಬೇಕೇ ಬೇಕು ಅನ್ನಿಸಿದರೆ ಯೆನ್ ಹುಯಿಗೆ ಹೇಳಿದ್ದನ್ನು ಚಿಕ್ಕದಾಗಿ ಮಾಡಿ. ಮಗಳು ಚಿತ್ರ ತಂದಾಗ ‘ಚೆನ್ನಾಗಿದೆ’ ಅನ್ನುವ ತಯಾರು ಉತ್ತರವನ್ನು ಪಕ್ಕಕ್ಕಿಡಿ. ಇದೇನು, ಅದೇನು, ಈ ಬಣ್ಣ ಯಾಕೆ ಅಂತ ಕೇಳಿ. ಅವಳು ಹೇಳಿ ಮುಗಿಸುವ ತನಕ ಸುಮ್ಮನಿರಿ. ಒಳಗೆ ತಕ್ಷಣ ಏನೂ ಆಗದೆ ಇರಬಹುದು, ಅದಕ್ಕೆ ಬೇಸರ ಬೇಡ. ಹೆಂಡತಿ ಹೇಳಿದ ಮಾತಿಗೂ ಇಷ್ಟೇ. ಅದು ದೂರು ಅಂತ ತೆಗೆದುಕೊಳ್ಳಬೇಡಿ. ನಿಮ್ಮ ಸ್ಥಿತಿಯನ್ನು ಮೊದಲು ಗುರುತಿಸಿದ್ದು ಅವರು.

ಟೀಮ್ ಲೀಡ್ ವಿಷಯದಲ್ಲಿ ಈಗಲೇ ಬೇಡ ಅನ್ನಬೇಡಿ, ಹೂಂ ಅಂತಲೂ ಅನ್ನಬೇಡಿ. ಮನಸ್ಸು ಹೀಗಿರುವಾಗ ದೊಡ್ಡ ತೀರ್ಮಾನ ಒಳ್ಳೆಯದಲ್ಲ. ಸ್ವಲ್ಪ ಸಮಯ ಕೇಳಿ, ವೈದ್ಯರನ್ನು ಕಂಡ ಮೇಲೆ ನಿರ್ಧರಿಸಿ. ಸಮಯ ಕೇಳಿದರೆ ಅವಕಾಶ ಬೇರೆಯವರಿಗೆ ಹೋಗಬಹುದು, ಆ ನಷ್ಟ ಆಗಬಹುದು ಅನ್ನುವುದು ಗೊತ್ತಿರಲಿ. ಆದರೆ ಲೀಡ್ ಆಗುವುದು ತಾವೊಗೆ ವಿರುದ್ಧ ಅನ್ನುವ ಕಾರಣಕ್ಕೆ ಮಾತ್ರ ಬಿಡಬೇಡಿ. ಹದಿನೇಳನೇ ಅಧ್ಯಾಯ ಇರುವುದೇ ಮುಂದಾಳುಗಳ ಬಗ್ಗೆ. ಎಲ್ಲಕ್ಕಿಂತ ಒಳ್ಳೆಯ ದೊರೆ ಇದ್ದಾನೆ ಅನ್ನುವುದಷ್ಟೇ ಜನಕ್ಕೆ ಗೊತ್ತಿರುತ್ತದೆ, ಕೆಲಸ ಮುಗಿದಾಗ ‘ಇದನ್ನು ನಾವೇ ಮಾಡಿದೆವು’ ಅಂತ ಜನ ಹೇಳಿಕೊಳ್ಳುತ್ತಾರೆ ಅಂತ ಬರುತ್ತದೆ. ನಿಮ್ಮ ತಂಡದ ಹುಡುಗರಿಗೆ ಅಂಥ ಲೀಡ್ ಸಿಕ್ಕರೆ ಅವರಿಗೂ ಒಳ್ಳೆಯದು.